ಸಿಗರೇಟ್ ಬಿಟ್ಟು ಆರು ತಿಂಗಳಾದ್ಮೇಲೂ ತಲಬು ಯಾಕೆ ಬರುತ್ತೆ?

ಇದು ಈ ವಾರದ ಮಾತಿನ ಬರಹರೂಪ. ಇಯರ್‌ಫೋನ್ ಮರೆತು ಬಸ್ ಹತ್ತಿದವರಿಗೆ, ಮೀಟಿಂಗ್ ಮಧ್ಯೆ ಕದ್ದು ಓದೋರಿಗೆ ಅನುಕೂಲ ಆಗಲಿ ಅಂತ.

ಇವತ್ತು ಹೇಳ್ತಿರೋದು ಸಿಗರೇಟ್ ಬಿಡೋದು ಹೇಗೆ ಅಂತ ಅಲ್ಲ. ಅದು ಆಗಿದೆ ಅಂತಿಟ್ಕೊಳ್ಳಿ. ಮೊದಲ ವಾರದ ಸಿಡಿಮಿಡಿ, ನಿದ್ದೆಗೇಡು ಎಲ್ಲ ಮುಗಿದು ನಾಲ್ಕು ತಿಂಗಳೋ ಆರು ತಿಂಗಳೋ ಕಳೆದಿವೆ. ಎಷ್ಟೋ ದಿನ ಅದರ ನೆನಪೇ ಬಂದಿಲ್ಲ. ಆಮೇಲೆ ಒಂದು ಸಂಜೆ, ರಿಲೀಸ್ ಮುಗಿಸಿ ಲಿಫ್ಟ್ ಇಳಿದು ಹೊರಗೆ ಬಂದಾಗ, ಇದ್ದಕ್ಕಿದ್ದಂತೆ ಒಂದೇ ಒಂದು ಎಳೀಬೇಕು ಅನ್ಸುತ್ತೆ. ನಮ್ಮ ಉತ್ತರ ಕರ್ನಾಟಕದ ಕಡೆ ಇದಕ್ಕೆ ತಲಬು ಅಂತೀವಿ. ಒಳ್ಳೆ ಪದ, ಇವತ್ತು ಅದನ್ನೇ ಬಳಸ್ತೀನಿ.

ಇದನ್ನ ಮಾತಾಡಲೇಬೇಕು ಅನಿಸಿದ್ದಕ್ಕೆ ಕಾರಣ ಇದೆ. ಬಹಳ ಜನ ಮೊದಲ ವಾರದಲ್ಲಿ ಸೋಲ್ತಾರೆ ನಿಜ. ಆದ್ರೆ ಆ ವಾರ ಗೆದ್ದವರಲ್ಲೂ ಎಷ್ಟೋ ಮಂದಿ ಐದನೇ ತಿಂಗಳಲ್ಲೋ ಎಂಟನೇ ತಿಂಗಳಲ್ಲೋ ವಾಪಸ್ ಹೋಗ್ತಾರೆ. ಹೋಗೋದಕ್ಕೆ ಅವರು ಕೊಡೋ ಕಾರಣ ಒಂದೇ: "ಇಷ್ಟು ದಿನ ಆದ್ಮೇಲೂ ಬೇಕು ಅನ್ಸುತ್ತೆ ಅಂದ್ರೆ ನನ್ನ ದೇಹಕ್ಕೇ ಅದು ಬೇಕು, ನನ್ನ ಕೈಲಿ ಆಗಲ್ಲ." ಈ ತೀರ್ಮಾನ ತಪ್ಪು. ಯಾಕೆ ತಪ್ಪು ಅನ್ನೋದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ನಾನು ಡಾಕ್ಟರ್ ಅಲ್ಲ. ತಿರುವನಂತಪುರದಲ್ಲಿ ಚಾಲೈ ಬಜಾರಿನ ಹತ್ತಿರ ಬಾಡಿಗೆಗಿದ್ದು, ದಿನಾ ಟೆಕ್ನೋಪಾರ್ಕ್‌ಗೆ ಹೋಗಿಬರೋ ಸಾಫ್ಟ್‌ವೇರ್ ಇಂಜಿನಿಯರ್. ಸಿಗರೇಟ್ ಬಿಟ್ಟು ಹದಿನಾಲ್ಕು ತಿಂಗಳು ಆಯ್ತು. ಎಂ.ಟೆಕ್ ಮಾಡಿದ್ದರಿಂದ ಬಂದ ಒಂದೇ ಅಭ್ಯಾಸ, ಏನೇ ಆದ್ರೂ ಸಂಬಂಧಪಟ್ಟ ಪೇಪರ್ ಹುಡುಕಿ ಓದೋದು. ಹಾಗೆ ಓದಿದ್ದು, ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಹೇಳ್ತೀನಿ.

ದೇಹದ ಲೆಕ್ಕ ಯಾವಾಗಲೋ ಮುಗಿದಿದೆ

ಸಿಗರೇಟ್ ಎಳೆದ 10ರಿಂದ 20 ಸೆಕೆಂಡಿನೊಳಗೆ ನಿಕೋಟಿನ್ ಮೆದುಳಿಗೆ ತಲುಪುತ್ತೆ. ಅಲ್ಲಿರೋ ಕೆಲವು ಗ್ರಾಹಕಗಳಿಗೆ, ಅಂದ್ರೆ ರಿಸೆಪ್ಟರ್‌ಗಳಿಗೆ ಅಂಟಿಕೊಂಡು ಡೋಪಮಿನ್ ಬಿಡುಗಡೆ ಮಾಡಿಸುತ್ತೆ. ವರ್ಷಗಟ್ಟಲೆ ಸೇದಿದವರ ಮೆದುಳಲ್ಲಿ ಈ ರಿಸೆಪ್ಟರ್‌ಗಳ ಸಂಖ್ಯೆಯೇ ಹೆಚ್ಚಾಗಿರುತ್ತೆ. ಬಿಟ್ಟಾಗ ಅವೆಲ್ಲ ಖಾಲಿ ಕೂತು ಗಲಾಟೆ ಮಾಡ್ತವೆ. ಮೊದಲ ದಿನಗಳ ಚಡಪಡಿಕೆ ಅಂದ್ರೆ ಅದೇ.

ರಕ್ತದಲ್ಲಿರೋ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತೆ. ಎರಡು-ಮೂರು ದಿನ ಕಳೆದರೆ ಲೆಕ್ಕಕ್ಕೆ ಸಿಗೋಷ್ಟು ಏನೂ ಉಳಿದಿರಲ್ಲ. ಸಿಟ್ಟು, ಹಸಿವು, ಏಕಾಗ್ರತೆ ಇಲ್ಲದಿರೋದು ಮೊದಲ ವಾರದಲ್ಲಿ ಜೋರಾಗಿದ್ದು, 2ರಿಂದ 4 ವಾರದಲ್ಲಿ ಹೆಚ್ಚಿನವರಿಗೆ ಇಳಿಯುತ್ತೆ. ಬಿಟ್ಟವರ ಮೆದುಳನ್ನ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನ ಒಂದರಲ್ಲಿ, ರಿಸೆಪ್ಟರ್‌ಗಳ ಸಂಖ್ಯೆ 6ರಿಂದ 12 ವಾರದಲ್ಲಿ ಸೇದದೇ ಇರೋರ ಮಟ್ಟಕ್ಕೆ ವಾಪಸ್ ಬಂದಿತ್ತು.

ಅಂದ್ರೆ ಐದನೇ ತಿಂಗಳಲ್ಲಿ ತಲಬು ಬಂದಾಗ ಕೇಳ್ತಿರೋದು ನಿಮ್ಮ ರಕ್ತ ಅಲ್ಲ. ದೇಹಕ್ಕೆ ಸಾಲ ಏನೂ ಬಾಕಿ ಇಲ್ಲ. ಹಾಗಾದ್ರೆ ಕೇಳ್ತಿರೋದು ಯಾರು?

ಕೇಳ್ತಿರೋದು ಜಾಗ

ಒಂದು ದಿನಕ್ಕೆ ಹತ್ತು ಸಿಗರೇಟು, ಒಂದಕ್ಕೆ ಹತ್ತು ಸಲ ಎಳೆದರೂ ದಿನಕ್ಕೆ ನೂರು. ವರ್ಷಕ್ಕೆ 36,500. ಹತ್ತು ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಸಲ ಮೆದುಳಿಗೆ ಒಂದೇ ಪಾಠ: ಈ ಜಾಗ, ಈ ಹೊತ್ತು, ಈ ಜನ, ಈ ಚಹಾದ ವಾಸನೆ ಬಂದ್ರೆ ನಿಕೋಟಿನ್ ಬರುತ್ತೆ. ಯಾವ ಮಗ್ಗಿಯನ್ನೂ ನಾವು ಇಷ್ಟು ಸಲ ಉರು ಹೊಡೆದಿಲ್ಲ.

ಈ ಪಾಠ ಬಿಟ್ಟ ತಕ್ಷಣ ಅಳಿಸಿ ಹೋಗಲ್ಲ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮಾರ್ಕ್ ಬೌಟನ್ ಇಲಿಗಳ ಮೇಲೆ ಮಾಡಿದ ಪ್ರಯೋಗಗಳು ಇಲ್ಲಿ ಬಹಳ ಮುಖ್ಯ. ಒಂದು ಪೆಟ್ಟಿಗೆಯಲ್ಲಿ ಕಲಿಸಿದ ಅಭ್ಯಾಸವನ್ನ ಇನ್ನೊಂದು ಪೆಟ್ಟಿಗೆಯಲ್ಲಿ ಬಿಡಿಸಿದರು. ಪೂರ್ತಿ ಬಿಟ್ಟಿತು ಅಂತ ಕಂಡಿತು. ಆದ್ರೆ ಮೊದಲಿನ ಪೆಟ್ಟಿಗೆಗೆ ವಾಪಸ್ ಹಾಕಿದ ಕೂಡಲೇ ಹಳೇ ಅಭ್ಯಾಸ ಎದ್ದು ಕೂತಿತು. ಹೊಸ ಕಲಿಕೆ ಹಳೆಯದನ್ನ ಅಳಿಸಿರಲಿಲ್ಲ, ಅದರ ಮೇಲೆ ಕೂತಿತ್ತು ಅಷ್ಟೆ. ಅದೂ ಆ ಎರಡನೇ ಪೆಟ್ಟಿಗೆಯೊಳಗೆ ಮಾತ್ರ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಕೋಡ್ ಡಿಲೀಟ್ ಆಗಿಲ್ಲ. ಅದರ ಸುತ್ತ ಒಂದು ಇಫ್ ಕಂಡಿಷನ್ ಬರೆದಿದ್ದೀರಿ. ಆ ಕಂಡಿಷನ್ ಟೆಸ್ಟ್ ಆಗಿರೋದು ತಿರುವನಂತಪುರದ ಎನ್ವಿರಾನ್‌ಮೆಂಟ್‌ನಲ್ಲಿ. ಹುಬ್ಬಳ್ಳಿಯಲ್ಲಿ ಅದು ಒಮ್ಮೆಯೂ ರನ್ ಆಗಿಲ್ಲ.

ಇದೇ ಮಾತಿಗೆ ಮನುಷ್ಯರ ಕಡೆಯಿಂದ ಒಂದು ಸಾಕ್ಷಿ ಇದೆ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡಿದ್ದ ಅಮೆರಿಕದ ಸೈನಿಕರನ್ನ ಲೀ ರಾಬಿನ್ಸ್ ಅನ್ನೋ ಸಂಶೋಧಕಿ 1970ರ ದಶಕದ ಶುರುವಿನಲ್ಲಿ ಹಿಂಬಾಲಿಸಿ ನೋಡಿದರು. ಊರಿಗೆ ಮರಳಿದ ಮೇಲೆ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಸುಮಾರು 5% ಮಾತ್ರ. ಕಾರಣ ಹಲವು ಇರಬಹುದು, ಆದ್ರೆ ಚಟಕ್ಕೆ ಅಂಟಿಕೊಂಡಿದ್ದ ಜಾಗ ಹಿಂದೆ ಉಳಿದದ್ದು ಅದರಲ್ಲಿ ದೊಡ್ಡದು.

ನಮ್ಮ ಪರಿಸ್ಥಿತಿ ಇದಕ್ಕೆ ಉಲ್ಟಾ. ಕೆಲಸಕ್ಕೆ ಅಂತ ಬೆಂಗಳೂರೋ ಮೈಸೂರೋ ಬಿಟ್ಟು ಕೇರಳಕ್ಕೆ ಬಂದ್ವಿ. ಇಲ್ಲಿ ಬಿಡೋದು ಸ್ವಲ್ಪ ಸುಲಭ ಆಯ್ತು. ಯಾಕಂದ್ರೆ ಕಲಿತ ಪೆಟ್ಟಿಗೆ ಅಲ್ಲಿದೆ, ಬಿಟ್ಟ ಪೆಟ್ಟಿಗೆ ಇಲ್ಲಿದೆ. ದೀಪಾವಳಿಗೆ ಊರಿಗೆ ಹೋಗ್ತೀವಲ್ಲ, ಆಗ ಮೊದಲಿನ ಪೆಟ್ಟಿಗೆ ಬಾಗಿಲು ತೆಗೆಯುತ್ತೆ. ಕಾಲೇಜಿನ ಗೆಳೆಯರು, ಅದೇ ಬೇಕರಿ ಕಟ್ಟೆ, "ಬಾರೋ, ಧಮ್ ಹೊಡ್ದು ಬರೋಣ" ಅನ್ನೋ ಅದೇ ದನಿ. ನಮ್ಮ ಕನ್ನಡದ ಗುಂಪಿನಲ್ಲಿ ಎಂಟು ತಿಂಗಳು ಮುಟ್ಟದೇ ಇದ್ದ ಒಬ್ಬರು ತಂಗಿ ಮದುವೆಗೆ ಅಂತ ಮೂರು ದಿನ ಊರಿಗೆ ಹೋಗಿ ಪ್ಯಾಕ್ ಇಟ್ಕೊಂಡು ವಾಪಸ್ ಬಂದ್ರು. ಎಂಟು ತಿಂಗಳ ಸಂಕಲ್ಪ ಟೊಳ್ಳಾಗಿತ್ತು ಅಂತ ಅಲ್ಲ. ಅದು ಆ ಊರಲ್ಲಿ ಅಭ್ಯಾಸ ಆಗಿರಲಿಲ್ಲ.

ಇನ್ನೊಂದು ವಿಷಯ ಗೊತ್ತಿರಲಿ. ಬಿಟ್ಟವರಿಗೆ ಸಿಗರೇಟಿನ ಚಿತ್ರ, ಲೈಟರ್ ಇಂಥವನ್ನ ತೋರಿಸಿ ಅಳೆದ ಅಧ್ಯಯನ 2011ರಲ್ಲಿ ಪ್ರಕಟ ಆಗಿದೆ. ಸುಮ್ಮನೆ ಕೂತಾಗಿನ ತಲಬು ದಿನ ಕಳೆದಂತೆ ಇಳಿದಿತ್ತು. ಆದ್ರೆ ಚಿತ್ರ ನೋಡಿದಾಗ ಏಳೋ ತಲಬು ಮೊದಲ ವಾರಕ್ಕಿಂತ ಐದನೇ ವಾರದಲ್ಲಿ ಹೆಚ್ಚಾಗಿತ್ತು. ಹಾಗಾಗಿ "ಮೊದಲಿಗಿಂತ ಈಗ ಜೋರಾಗಿ ಬರ್ತಿದೆ" ಅಂತ ನಿಮಗೆ ಅನಿಸಿದ್ರೆ ನೀವು ಹಿಂದೆ ಬಿದ್ದಿದ್ದೀರಿ ಅಂತ ಅರ್ಥ ಅಲ್ಲ. ಅಪರೂಪಕ್ಕೆ ಬರುತ್ತೆ, ಬಂದಾಗ ಜೋರಾಗಿ ಬರುತ್ತೆ. ಅದರ ಸ್ವಭಾವವೇ ಹಾಗೆ.

ಈ ಊರು ಮಾಡಿದ ಉಪಕಾರ

ಕೇರಳದಲ್ಲಿ ಬಿಡೋದು ಸುಲಭ ಆಯ್ತು ಅಂದೆನಲ್ಲ, ಅದರ ಹಿಂದೆ ಒಂದು ತೀರ್ಪು ಇದೆ. 1999ರ ಜುಲೈ 12ರಂದು ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕಾನೂನುಬಾಹಿರ, ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಪಕ್ಕದವರು ಬಿಟ್ಟ ಹೊಗೆ ಕುಡಿಯೋದು ಜೀವಿಸುವ ಹಕ್ಕಿಗೇ ಧಕ್ಕೆ ಅನ್ನೋದು ಅದರ ನೆಲೆ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಇಂಥ ಆದೇಶ ಕೊಟ್ಟಿದ್ದು 2001ರ ನವೆಂಬರ್‌ನಲ್ಲಿ, ಕೋಟ್ಪಾ ಕಾಯ್ದೆ ಬಂದಿದ್ದು 2003ರಲ್ಲಿ, ಈಗಿರೋ ನಿಯಮ ಜಾರಿಯಾಗಿದ್ದು 2008ರ ಅಕ್ಟೋಬರ್ 2ರಂದು. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸೋ ದೊಡ್ಡವರು ದೇಶದಲ್ಲಿ 28.6%, ಕರ್ನಾಟಕದಲ್ಲಿ 22.8%, ಕೇರಳದಲ್ಲಿ 12.7%. ಹಾಗಂತ ಇಲ್ಲಿ ಯಾರೂ ಸೇದಲ್ಲ ಅಂತ ಅಲ್ಲ, ಕಳಕ್ಕೂಟ್ಟಂನ ಯಾವ ಚಾಯಕ್ಕಡದ ಹಿಂದೆ ಹೋದರೂ ನಮ್ಮ ಐಡಿ ಕಾರ್ಡ್‌ಗಳು ನೇತಾಡ್ತಿರ್ತವೆ. ಕಣ್ಣೆದುರು ಕಾಣೋದು ಕಡಿಮೆ, ಅಷ್ಟೆ. ಕಣ್ಣಿಗೆ ಕಾಣದ್ದು ಅರ್ಧ ತಲಬನ್ನ ಉಳಿಸುತ್ತೆ.

ನಮ್ಮಲ್ಲೂ ಈಗ ಕಾನೂನು ಬಿಗಿಯಾಗಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ತಂಬಾಕು ಮಾರಾಟದ ವಯಸ್ಸನ್ನ 18ರಿಂದ 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನ 200ರಿಂದ 1,000 ರೂಪಾಯಿಗೆ ಏರಿಸಿದೆ. ಊರಿಗೆ ಹೋದಾಗ "ಬೇಡಪ್ಪ, ಸಾವಿರ ದಂಡ" ಅಂತ ತಪ್ಪಿಸಿಕೊಳ್ಳೋಕೆ ಒಂದು ನೆಪ ಸಿಕ್ಕಿದೆ ಅಂದ್ಕೊಳ್ಳಿ.

ಕೇರಳ-ಕರ್ನಾಟಕ ಎರಡಕ್ಕೂ ಸೇರಿದ ಇನ್ನೊಂದು ಕಥೆ ನನಗೆ ಇಷ್ಟ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆಯನ್ನ ಕೇರಳ ಜಾರಿ ಮಾಡಿದಾಗ, ಮಂಗಳೂರಿನ ಗಣೇಶ್ ಬೀಡಿಯವರು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದರು. ಸಾವಿರಾರು ಜನ ಬೀದಿಗೆ ಬಂದ್ರು. ಅವರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಒಂದು ಕಾಲಕ್ಕೆ 40,000ಕ್ಕೂ ಹೆಚ್ಚು ಜನರ ಅನ್ನ ಅದು. ಬೀಡಿ ಸೇದೋರು ಕಡಿಮೆ ಆಗ್ತಾ ಬಂದಾಗ ಆ ಸಂಘ ಬಾಗಿಲು ಹಾಕಲಿಲ್ಲ. ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆ, ಬಟ್ಟೆ, ಕೊನೆಗೆ ಸಾಫ್ಟ್‌ವೇರ್‌ಗೂ ಕೈ ಹಾಕಿತು. ಬೀಡಿ ಸುತ್ತಿ ಬದುಕಿದ ಕೈಗಳಿಗೆ "ಸುಮ್ಮನಿರಿ" ಅಂದ್ರೆ ಆಗಲ್ಲ, ಬೇರೆ ಕೆಲಸ ಕೊಡಬೇಕು. ಬೀಡಿ ಹಿಡಿದ ಕೈಗೂ ಅಷ್ಟೇ. ಈಗ ಆ ಕೆಲಸಕ್ಕೆ ಬರೋಣ.

ತಲಬು ಬಂದ ಆ ಐದು ನಿಮಿಷ

ಒಂದು ತಲಬಿನ ಆಯಸ್ಸು ಸಾಮಾನ್ಯವಾಗಿ ಮೂರರಿಂದ ಹತ್ತು ನಿಮಿಷ. ಅದು ತೀರಿಸಿದ್ರೆ ಹೋಗುತ್ತೆ, ತೀರಿಸದೇ ಇದ್ರೂ ಹೋಗುತ್ತೆ. ಈ ಎರಡನೇ ಸಾಲು ನಮಗೆ ಗೊತ್ತೇ ಇರಲ್ಲ, ಯಾಕಂದ್ರೆ ಮೊದಲೆಲ್ಲ ಒಂದು ಸಲವೂ ಕಾದು ನೋಡಿರಲಿಲ್ಲ.

ಮೊದಲನೆಯದು, ಅಲೆ ನೋಡೋದು. ಅಲನ್ ಮಾರ್ಲಟ್ ಅನ್ನೋ ಮನೋವಿಜ್ಞಾನಿ ಹೇಳಿಕೊಟ್ಟ ವಿಧಾನ ಇದು. ತಲಬನ್ನ ತಳ್ಳೋಕೆ ಹೋಗಬೇಡಿ. ಎಲ್ಲಿದೆ ನೋಡಿ: ಗಂಟಲಲ್ಲಾ, ಎದೆಯಲ್ಲಾ, ಬೆರಳಲ್ಲಾ? ಏರ್ತಿದೆಯಾ, ಇಳೀತಿದೆಯಾ? ಶಂಖುಮುಖಂ ಬೀಚಿನಲ್ಲಿ ನಿಂತು ಅಲೆ ನೋಡಿದ ಹಾಗೆ. 2009ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನ ಪರೀಕ್ಷಿಸಿದಾಗ ಒಂದು ಸ್ವಾರಸ್ಯ ಕಂಡಿತು. ಕಲಿತವರಿಗೆ ತಲಬೇನೂ ಕಡಿಮೆ ಆಗಲಿಲ್ಲ, ಆದ್ರೆ ಮುಂದಿನ ಒಂದು ವಾರ ಸೇದಿದ ಸಿಗರೇಟು ಕಡಿಮೆ ಆದವು. ಬೇಕು ಅನ್ಸೋದಕ್ಕೂ ಕೈ ಚಾಚೋದಕ್ಕೂ ನಡುವಿನ ತಂತಿ ಸಡಿಲ ಆಗಿತ್ತು. ನಮಗೆ ಬೇಕಿರೋದೂ ಅಷ್ಟೇ.

ಎರಡನೆಯದು, ಕಣ್ಣಿಗೆ ಕೆಲಸ. ತಲಬು ಬಂದಾಗ ಮನಸ್ಸಲ್ಲಿ ಒಂದು ಸಿನಿಮಾ ಓಡ್ತಿರುತ್ತೆ: ಪ್ಯಾಕ್ ತೆಗೆದ ಹಾಗೆ, ಹಚ್ಚಿದ ಹಾಗೆ. ಆ ಪರದೆ ಮೇಲೆ ಬೇರೆ ಚಿತ್ರ ಬಂದ್ರೆ ಇದು ಮಸುಕಾಗುತ್ತೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಮೂರು ನಿಮಿಷ ಟೆಟ್ರಿಸ್ ಆಡಿಸಿ ನೋಡಿದಾಗ ತಲಬಿನ ಜೋರು ಇಳಿದಿತ್ತು. ರೀಲ್ಸ್ ಸರಿಯಲ್ಲ, ಅಲ್ಲೇ ಯಾರೋ ಹೀರೋ ಸಿಗರೇಟ್ ಹಚ್ಚಿರ್ತಾನೆ. ಬ್ಲಾಕ್ ಜೋಡಿಸೋ ಆಟ ಸಾಕು.

ಮೂರನೆಯದು, ಕಾಲಿಗೆ ಕೆಲಸ. ಐದರಿಂದ ಹದಿನೈದು ನಿಮಿಷದ ಬಿರುಸಿನ ನಡಿಗೆ ಆ ಹೊತ್ತಿನ ತಲಬನ್ನ ಇಳಿಸುತ್ತೆ ಅನ್ನೋದು ಹಲವು ಪ್ರಯೋಗಗಳಲ್ಲಿ ಕಂಡಿದೆ. ನನ್ನ ನಡಿಗೆ ಈಸ್ಟ್ ಫೋರ್ಟ್‌ನಿಂದ ಕಿಳ್ಳಿಪಾಲಂವರೆಗೆ ಚಾಲೈ ಬೀದಿಯಲ್ಲಿ. ಆ ಜನ, ತಳ್ಳುಗಾಡಿ, ಈರುಳ್ಳಿ ಮೂಟೆ ಮಧ್ಯೆ ಕಾಲು ಎಲ್ಲಿಡಬೇಕು ಅನ್ನೋದೇ ಒಂದು ಧ್ಯಾನ.

ನಾಲ್ಕನೆಯದು, ಬಾಯಿಗೆ ಕೆಲಸ. ಚಾಲೈನಲ್ಲಿ ಮಸಾಲೆ ಅಂಗಡಿಗೇನು ಬರ? ಒಂದು ಲವಂಗ, ಇಲ್ಲ ಎರಡು ಏಲಕ್ಕಿ ಜೇಬಲ್ಲಿಟ್ಟಿರಿ. ಇದು ಔಷಧಿ ಅಲ್ಲ, ಬಾಯಿ ಖಾಲಿ ಇಲ್ಲ ಅನ್ನೋ ಸಮಾಧಾನ. ಮಿಕ್ಸ್ಚರ್, ಪಳಂಪೊರಿ ಹಿಂದೆ ಬೀಳಬೇಡಿ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋ ತೂಕ ಏರುತ್ತೆ, ಎಷ್ಟೋ ಜನ ಅದಕ್ಕೆ ಹೆದರಿಯೇ ವಾಪಸ್ ಹೋಗ್ತಾರೆ. ಏರಿದ ತೂಕಕ್ಕಿಂತ ಬಿಟ್ಟ ಲಾಭ ಬಹಳ ದೊಡ್ಡದು ಅನ್ನೋದು ನೆನಪಿರಲಿ. ಸಂಭಾರಂ, ಕಡಲೆಕಾಯಿ, ಜೀರಿಗೆ ನೀರು ಸಾಕು. ಅಡಿಕೆ-ತಂಬಾಕಿನ ಕಡೆ ಮಾತ್ರ ತಿರುಗಿ ನೋಡಬೇಡಿ, ಅದು ಬಾಣಲೆಯಿಂದ ಬೆಂಕಿಗೆ.

ಕಾಫಿ ಮಾಡೋ ಮೋಸ

ಇದು ನಮ್ಮ ಕಾಫಿ ಜನಕ್ಕೆ ಅಂತಲೇ. ಸಿಗರೇಟಿನ ಹೊಗೆಯಲ್ಲಿರೋ ಕೆಲವು ರಾಸಾಯನಿಕಗಳು ಲಿವರ್‌ನಲ್ಲಿ ಸಿವೈಪಿ1ಎ2 ಅನ್ನೋ ಕಿಣ್ವವನ್ನ ಹೆಚ್ಚಿಸ್ತವೆ. ಕೆಫೀನ್‌ನ್ನ ಒಡೆಯೋದು ಅದೇ ಕಿಣ್ವ. ಹಾಗಾಗಿ ಸೇದೋರ ದೇಹ ಕಾಫಿಯನ್ನ ಬೇಗ ಹೊರಹಾಕುತ್ತೆ. ಬಿಟ್ಟ ಕೆಲವೇ ದಿನಗಳಲ್ಲಿ ಕಿಣ್ವ ಕೆಳಗೆ ಬರುತ್ತೆ. ನೀವು ಮಾತ್ರ ಅದೇ ಐದು ಕಪ್ ಕುಡೀತಿರ್ತೀರಿ. ರಕ್ತದಲ್ಲಿ ಕೆಫೀನ್ ಮೊದಲಿನ ಎರಡು ಪಟ್ಟು ನಿಂತಿರುತ್ತೆ. ಕೈ ನಡುಕ, ಎದೆ ಬಡಿತ, ರಾತ್ರಿ ನಿದ್ದೆ ಇಲ್ಲ. ಇದನ್ನೇ ನಾವು "ಸಿಗರೇಟ್ ಇಲ್ಲದೆ ಆಗ್ತಿಲ್ಲ" ಅಂತ ಓದಿಕೊಳ್ತೀವಿ.

ಪರಿಹಾರ ಸುಲಭ. ಕಾಫಿ ಅರ್ಧಕ್ಕೆ ಇಳಿಸಿ, ಸಂಜೆ ಮೇಲೆ ಬೇಡ. ಅಸ್ತಮಾಕ್ಕೆ ಥಿಯೋಫಿಲಿನ್ ಅಥವಾ ಮನೋರೋಗದ ಕೆಲವು ಮಾತ್ರೆ ತಗೊಳ್ತಿರೋರು ಬಿಟ್ಟ ವಿಷಯವನ್ನ ಡಾಕ್ಟರಿಗೆ ಹೇಳಲೇಬೇಕು. ಅವುಗಳನ್ನ ಒಡೆಯೋದೂ ಅದೇ ಕಿಣ್ವ, ಡೋಸ್ ಬದಲಾಯಿಸಬೇಕಾಗಬಹುದು.

ಊರಿಗೆ ಹೊರಡೋ ಮುಂಚೆ

ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತೋಕೆ ಮುಂಚೆ ಹತ್ತು ನಿಮಿಷ ಕೂತು ಒಂದು ಪಟ್ಟಿ ಬರೀರಿ. ಊರಲ್ಲಿ ಎಲ್ಲೆಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಸೇದ್ತಿದ್ರಿ? ಪ್ರತಿ ಸಾಲಿನ ಮುಂದೆ "ಹಾಗಾದ್ರೆ ಹೀಗೆ" ಅಂತ ಒಂದು ಉತ್ತರ. "ಮನು ಬೇಕರಿಗೆ ಕರೆದ್ರೆ, ಮನೆಗೇ ಬಾರೋ ಅಮ್ಮ ಕಾಫಿ ಮಾಡಿದ್ದಾರೆ ಅಂತೀನಿ." "ಊಟ ಆದ್ಮೇಲೆ ಮಹಡಿಗೆ ಹೋಗಲ್ಲ, ಅಪ್ಪನ ಜೊತೆ ಬೀದಿ ಕೊನೇವರೆಗೂ ನಡೀತೀನಿ." ಬಾಯಲ್ಲಿ ಒಂದೆರಡು ಸಲ ಹೇಳಿಕೊಳ್ಳಿ. ಆ ಹೊತ್ತಿನಲ್ಲಿ ಯೋಚನೆ ಮಾಡೋಕೆ ಆಗಲ್ಲ, ಮುಂಚೆ ಬರೆದಿಟ್ಟಿದ್ದು ಮಾತ್ರ ಕೈಗೆ ಬರುತ್ತೆ.

ಮೊದಲ ಸಲವೇ ಎಲ್ಲ ಜಾಗಕ್ಕೂ ಹೋಗಿ ಧೈರ್ಯ ತೋರಿಸೋದು ಬೇಡ. ಆದ್ರೆ ಜೀವನಪೂರ್ತಿ ತಪ್ಪಿಸಿಕೊಳ್ಳೋಕೂ ಆಗಲ್ಲ. ಒಂದೊಂದು ಸಲಕ್ಕೆ ಒಂದೊಂದು ಜಾಗ. ಸೇದದೇ ವಾಪಸ್ ಬಂದ ಪ್ರತಿ ಸಲ ಆ ಜಾಗದಲ್ಲೂ ನಿಮ್ಮ ಕಂಡಿಷನ್ ಒಮ್ಮೆ ಪಾಸ್ ಆಯ್ತು. ಕುಡಿಯೋ ಅಭ್ಯಾಸ ಇರೋರು ಮೊದಲ ವರ್ಷ ಆ ಎರಡನ್ನ ಒಂದೇ ಟೇಬಲ್ಲಿಗೆ ತರಬೇಡಿ.

ಕನಸು, ಜಾರುವಿಕೆ, ಸಹಾಯ

ತಿಂಗಳುಗಳಾದ್ಮೇಲೆ ಕನಸಲ್ಲಿ ಸೇದಿ ಬೆವತು ಎದ್ದೋರು ಬಹಳ ಜನ. ಇದು ಸೋಲಿನ ಸೂಚನೆ ಅಲ್ಲ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಟ್ಟವರಲ್ಲಿ ಮೂರರಲ್ಲೊಬ್ಬರಿಗೆ ಇಂಥ ಕನಸು ಬಿದ್ದಿತ್ತು, ಕನಸು ಬಿದ್ದವರೇ ಹೆಚ್ಚಾಗಿ ಬಿಟ್ಟ ಸ್ಥಿತಿಯಲ್ಲಿ ಉಳಿದಿದ್ದರು. ಕನಸಲ್ಲಿ ಗಾಬರಿ ಆಯ್ತು ಅಂದ್ರೆ ಮನಸ್ಸು ನಿಮ್ಮ ಕಡೆಗಿದೆ.

ಎಲ್ಲಾದರೂ ಒಂದು ಸೇದಿಬಿಟ್ರೆ? ಆ ಒಂದು ಸಿಗರೇಟಿಗಿಂತ ಅದರ ಮರುಕ್ಷಣ ಬರೋ ಮಾತು ಅಪಾಯ: "ಹೋಯ್ತಲ್ಲ, ಇನ್ನೇನು." ಮಾರ್ಲಟ್ ಇದನ್ನೇ ಬಹಳ ಒತ್ತಿ ಹೇಳಿದ್ದು. ಜಾರಿದ್ದು ಬೇರೆ, ಬಿದ್ದು ಮಲಗಿದ್ದು ಬೇರೆ. ಪ್ರೊಡಕ್ಷನ್‌ನಲ್ಲಿ ಒಂದು ಬಗ್ ಬಂತು ಅಂತ ಸರ್ವರನ್ನೇ ಯಾರೂ ಸುಡಲ್ಲ. ಉಳಿದ ಪ್ಯಾಕ್ ನೀರಿಗೆ ಹಾಕಿ, ಎಲ್ಲಿ ಏನಾಯ್ತು ಅಂತ ಪಟ್ಟಿಗೆ ಒಂದು ಸಾಲು ಸೇರಿಸಿ, ಅದೇ ದಿನ ಮುಂದುವರಿಸಿ. ಆದ್ರೆ "ಒಂದು ಸೇದಿದ್ರೆ ಏನೂ ಆಗಲ್ಲ" ಅಂತ ಮುಂಚೆಯೇ ರಿಯಾಯಿತಿ ಕೊಟ್ಟುಕೊಳ್ಳಬೇಡಿ. ಒಂದರಿಂದ ಮತ್ತೆ ಹಳೇ ಲೆಕ್ಕಕ್ಕೆ ಹೋದವರೇ ಜಾಸ್ತಿ.

ನಿಕೋಟಿನ್ ಗಮ್ 2 ಮಿಲಿಗ್ರಾಂನದು ನಮ್ಮಲ್ಲಿ ಚೀಟಿ ಇಲ್ಲದೇ ಸಿಗುತ್ತೆ. ಚ್ಯೂಯಿಂಗ್ ಗಮ್ ಹಾಗೆ ಅಗಿದು ಬಿಡೋದಲ್ಲ. ಖಾರ ಅನಿಸೋವರೆಗೆ ನಿಧಾನ ಅಗಿದು ಕೆನ್ನೆ ಬದಿಗೆ ಇಟ್ಟುಕೊಳ್ಳಿ, ಖಾರ ಹೋದ ಮೇಲೆ ಮತ್ತೆ ಅಗಿಯಿರಿ, ಹೀಗೆ ಅರ್ಧ ಗಂಟೆ. ಕಾಫಿ, ಜ್ಯೂಸ್ ಕುಡಿದು 15 ನಿಮಿಷ ಆಗಿರಬೇಕು, ಇಲ್ಲಾಂದ್ರೆ ಹೀರಿಕೊಳ್ಳಲ್ಲ. ಮಾತ್ರೆಗಳೂ ಇವೆ, ಅದಕ್ಕೆ ಡಾಕ್ಟರ್ ಬೇಕು. ವೇಪ್ ಬೇಡ, 2019ರಿಂದ ದೇಶದಲ್ಲಿ ಅದರ ಮಾರಾಟವೇ ನಿಷೇಧ. ವಾರಗಟ್ಟಲೆ ಮನಸ್ಸು ಕುಸಿದೇ ಇದ್ರೆ ಅದನ್ನ ತಲಬು ಅಂತ ತಳ್ಳಿಹಾಕದೆ ಡಾಕ್ಟರನ್ನ ನೋಡಿ.

ಮಾತಾಡೋಕೆ ಯಾರೂ ಇಲ್ಲ ಅನಿಸಿದ್ರೆ ಸಿಗರೇಟ್ ಪ್ಯಾಕಿನ ಮೇಲೆ ಇರೋ ನಂಬರ್ 1800-11-2356, ಟೋಲ್ ಫ್ರೀ. ದಕ್ಷಿಣದ ಭಾಷೆಗಳ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಮಲಯಾಳಂ ಬರದೇ ಇಲ್ಲಿನ ಆಸ್ಪತ್ರೆಗೆ ಹೋಗೋಕೆ ಹಿಂಜರಿಯೋರಿಗೆ ಇದು ದೊಡ್ಡ ಅನುಕೂಲ. ಬಿಟ್ಟು ಆರು ತಿಂಗಳಾದವರೂ ಮಾಡಬಹುದು, ಇವತ್ತು ಬಿಡೋರು ಮಾತ್ರ ಮಾಡಬೇಕು ಅಂತೇನಿಲ್ಲ.

ನನಗೆ ಈಗಲೂ ಬರುತ್ತೆ. ತಿಂಗಳಿಗೆ ಒಂದು ಸಲ, ಎರಡು ಸಲ. ಮಳೆ ಶುರುವಾದಾಗ ಹೆಚ್ಚು. ಬಂದಾಗ ಗಡಿಯಾರ ನೋಡ್ತೀನಿ. ಇದುವರೆಗೆ ಯಾವುದೂ ಹತ್ತು ನಿಮಿಷ ದಾಟಿಲ್ಲ. ಮುಂದಿನ ಸಲ ನಿಮಗೆ ಬಂದಾಗ ನೀವೂ ಗಡಿಯಾರ ನೋಡಿ. ಮುಂದಿನ ವಾರ ನೈಟ್ ಶಿಫ್ಟ್ ಮತ್ತು ನಿದ್ದೆ ಬಗ್ಗೆ ಮಾತಾಡೋಣ.